ಗುಡುಗಿಗೆ ಪ್ಲಗ್ ಕಿತ್ತದ್ದು ತಪ್ಪಂತೆ!

ಮೊನ್ನೆ ನಮ್ಮ ತಲ್ಲೂರಿನ ಅಂಗಡಿಯಲ್ಲಿ, ಒಂದು ಪ್ಲಗ್ ಕಿತ್ತ ಕಾರಣಕ್ಕೆ ಒಬ್ಬ ಹೆಂಗಸನ್ನು ಗಿರಾಕಿಗಳ ಎದುರೇ ಅಪರಾಧಿ ಮಾಡಿದರು.

ಅವಳು ಗಿರಿಜ. ಕೆರಾಡಿಯಿಂದ ಬಸ್ಸಿನಲ್ಲಿ ಬಂದು ನಮ್ಮ ಹಾರ್ಡ್‌ವೇರ್ ಅಂಗಡಿಯ ಬಿಲ್ಲಿಂಗ್ ನೋಡಿಕೊಳ್ಳುತ್ತಾಳೆ. ಗುಡುಗಿದ ಕೂಡಲೇ ಕಂಪ್ಯೂಟರಿನಿಂದ ಹಿಡಿದು ಎಲ್ಲದರ ಪ್ಲಗ್ ಕೀಳುತ್ತಾಳೆ. ನಮ್ಮಲ್ಲಿ ಕೀಳದವರು ಯಾರಿದ್ದಾರೆ ಹೇಳಿ? ಬೈಂದೂರಿನಿಂದ ಬ್ರಹ್ಮಾವರದವರೆಗೆ ಮಳೆಯ ಮೊದಲ ಹನಿಗಿಂತ ಮುಂಚೆ ಟಿವಿಯ ಪ್ಲಗ್ ನೆಲಕ್ಕೆ ಬಿದ್ದಿರುತ್ತದೆ. (ಗಿರಿಜಳ ಮನೆ ಹಿಂದಿನ ತೆಂಗಿನ ತಲೆ ಸಿಡಿಲಿಗೆ ಹೋಗಿದೆ. ಅವಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.)

ಕೆಟ್ಟದ್ದು ಫೈರ್‌ವಾಲ್ ಎಂಬ ಪೆಟ್ಟಿಗೆ. ಇಂಟರ್ನೆಟ್ಟಿನಿಂದ ಕಳ್ಳರು ನುಗ್ಗದಂತೆ ನಮ್ಮ ಕಂಪ್ಯೂಟರುಗಳ ಬಾಗಿಲು ಕಾಯುವಂಥದ್ದು. ಟಿಫಿನ್ ಡಬ್ಬಿಯಷ್ಟು ಗಾತ್ರ, ಸಣ್ಣ ಬಲ್ಬಿನಷ್ಟು ಕರೆಂಟು. ಒಳಗೆ ಫ್ಯಾನ್ ಇಲ್ಲ, ತಿರುಗುವ ಹಾರ್ಡ್ ಡಿಸ್ಕ್ ಇಲ್ಲ. ಎಲ್ಲ ಒಂದು ಮೆಮೊರಿ ಕಾರ್ಡಿನಲ್ಲಿ. ನಮ್ಮ ಉಪ್ಪುಗಾಳಿಗೆ ಇದೇ ಸರಿ ಎಂದು ನಾನೇ ಮೆಚ್ಚಿ ಹಾಕಿಸಿದ್ದು. ಆ ಮಾತಿಗೆ ಈಗಲೂ ಬದ್ಧ.

ಅದು ಎರಡನೇ ಸಲ ಸತ್ತಾಗ ಹಾಕಿಕೊಟ್ಟ ಕಂಪನಿಯವನು ಬಂದ. ಬಿಚ್ಚಿ ನೋಡಿ, ಕೌಂಟರಿನಲ್ಲೇ ನಿಂತು ಹೇಳಿದ: "ಮೇಡಂ ಪ್ಲಗ್ ಎಳೆದದ್ದಕ್ಕೇ ಕಾರ್ಡ್ ಹೋಗಿದ್ದು ಸರ್. ಇದಕ್ಕೆ ವಾರಂಟಿ ಬರಲ್ಲ."

ಹೊಸ ಕಾರ್ಡ್ ಹಾಕಿ ಹೋದ. ಗಿರಿಜಳ ಹೆಸರು ಹಾಳಾಯಿತು. ಅಂಗಡಿಯ ಹುಡುಗರಿಗೆ ಅದೇ ತಮಾಷೆ: "ಹ್ವಾಯ್ ಗಿರಿಜಕ್ಕ, ಫ್ಯಾನಿನ್ ಪ್ಲಗ್ ಆದ್ರೂ ಬಿಡಿ."

ಮರುದಿನ ಮಧ್ಯಾಹ್ನ ಮೋಡ ಕಪ್ಪಾಯಿತು. ನಾನು ಗೋಡೌನಿನಿಂದ ಬರುವಾಗ ಗಿರಿಜ ಸ್ವಿಚ್‌ಬೋರ್ಡಿನ ಎದುರು ಕೈಕಟ್ಟಿ ನಿಂತಿದ್ದಳು.

"ತೆಗ್ದ್ರೆ ಅವ್ರ್ ಬೈತ್ರ್, ತೆಗಿದಿದ್ರೆ ಸಿಡ್ಲ್ ಬಡಿತ್ತ್. ನಾ ಎಂತ ಮಾಡ್ಕ್ ಅಣ್ಣಾ?"

ಎಲ್ಲ ಪ್ಲಗ್ ನಾನೇ ಕಿತ್ತೆ. ತನಗೆ ಬಿಲ್ಲಿಂಗ್ ಬೇಡ, ಗೋಡೌನಿಗೇ ಹಾಕಿ ಎಂದಳು. ಕಂಪ್ಯೂಟರ್ ಕಲಿತು, ಬಿಲ್ಲಿಂಗ್ ಸೀಟು ಗಿಟ್ಟಿಸಿಕೊಂಡವಳು ಅವಳು!

ನನಗೆ ರಕ್ತ ಕುದಿಯಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಸಿಮೆಂಟ್ ಚೀಲ ಹೊತ್ತು ಈ ಅಂಗಡಿ ಕಟ್ಟಿದವ ನಾನು. ತಿಳಿಯದ್ದನ್ನು ಕೇಳಲು ನಾಚಿಕೆಯಿಲ್ಲ. ಕಂಪನಿಗೆ ಫೋನ್ ಹಚ್ಚಿದೆ.

ಎತ್ತಿದ್ದು ಅಂಗಡಿಗೆ ಬಂದಿದ್ದವನೇ. ಸಮಾಧಾನದಲ್ಲೇ ವಿವರಿಸಿದ. ಯಾರು ಬಂದರು, ಯಾರು ಹೋದರು ಎಂದು ಪೆಟ್ಟಿಗೆ ಸದಾ ಕಾರ್ಡಿನ ಮೇಲೆ ಬರೆಯುತ್ತಿರುತ್ತದಂತೆ. ಬರೆದೂ ಬರೆದೂ ಕಾರ್ಡ್ ಸವೆಯುತ್ತದೆ. ಬರೆಯುವ ನಡುವೆ ಕರೆಂಟು ಹೋದರೆ ಕೆಡುತ್ತದೆ.

ಅಲ್ಲ ಸ್ವಾಮಿ, ನಮ್ಮೂರಲ್ಲಿ ಕರೆಂಟು ತಾನಾಗಿಯೇ ಹೋಗುತ್ತದಲ್ಲ, ಆಗ ಪ್ಲಗ್ ಎಳೆಯುವ ಗಿರಿಜ ಯಾರು?

ಇದಕ್ಕೆ ದಾರಿಯೇ ಇಲ್ಲವೇ ಎಂದು ಕೇಳಿದೆ. ಇದೆಯಂತೆ! ಬರೆಯುವುದನ್ನೆಲ್ಲ, ಕರೆಂಟು ಇರುವವರೆಗೆ ಮಾತ್ರ ನೆನಪಿಡುವ ರ್‍ಯಾಮ್‌ನಲ್ಲಿ ಬರೆಯಲು ಬಿಟ್ಟು, ಕಾರ್ಡಿಗೆ ಬರೆಯದಂತೆ ಬೀಗ ಹಾಕಬಹುದಂತೆ. ಪ್ಲಗ್ ಕಿತ್ತರೆ ಆ ಬರಹ ಹೋದೀತು, ಕಾರ್ಡ್ ಉಳಿಯುತ್ತದೆ. ಬರಹವೂ ಬೇಕಿದ್ದರೆ ಬೇರೆ ಕಂಪ್ಯೂಟರಿಗೆ ಕಳಿಸುತ್ತಾ ಇರಬಹುದು.

"ಮತ್ತೆ ಮೊದ್ಲೇ ಎಂತಕ್ಕೆ ಹಾಕ್ಲಿಲ್ಲ?"

"ಯಾರೂ ಕೇಳಲ್ಲ ಸರ್. ಹಾಗಾಗಿ ಹಾಕಲ್ಲ."

"ಕೇಳುಕೆ ಅದ್ ಇತ್ತ್ ಅಂದೇಳಿ ನಂಗ್ ಗೊತ್ತಿರ್ಕಲ್ದಾ ಮಾರಾಯ್ರೆ?"

ಇದು ಒಂದು ಪೆಟ್ಟಿಗೆಯ ಕಥೆಯಲ್ಲ. ಪಂಪ್‌ಸೆಟ್ ಸುಟ್ಟರೆ ನಿಮ್ಮ ವೋಲ್ಟೇಜ್ ಸರಿ ಇಲ್ಲ, ಬಾಗಿಲು ಉಬ್ಬಿದರೆ ನಿಮ್ಮ ಮಳೆ ಸರಿ ಇಲ್ಲ ಎನ್ನುತ್ತಾರೆ. ನಮ್ಮೂರಿಗೆ ಮಾರುವವರಿಗೆ ನಮ್ಮೂರು ಹೇಗಿದೆ ಎಂದು ಗೊತ್ತಿರಬೇಡವೇ? ದುಡ್ಡು ಎಣಿಸುವಾಗ ನಾವು ದೇವರು, ಕೆಟ್ಟಾಗ ನಾವೇ ಪೆದ್ದರು.

ಕಂಪನಿಯವನು ಕೂತಲ್ಲಿಂದಲೇ ಸೆಟ್ಟಿಂಗ್ ಬದಲಿಸಿದ. ನನಗೆ ಸಾರಿ ಎಂದ. ಸಾರಿ ನನಗಲ್ಲ ಎಂದು ಫೋನನ್ನು ಗಿರಿಜಳ ಕೈಗೆ ಕೊಟ್ಟೆ. ನೆಟ್‌ವರ್ಕ್ ಸರಿ ಇಲ್ಲ ಎಂದು ಇಟ್ಟುಬಿಟ್ಟ.

ಗಿರಿಜ ಇನ್ನೂ ಗೋಡೌನಿನಲ್ಲೇ ಇದ್ದಾಳೆ. ಕೂತಲ್ಲಿಂದ ಪೆಟ್ಟಿಗೆ ಸರಿ ಮಾಡಬಲ್ಲವರಿಗೆ, "ತಪ್ಪು ನಮ್ಮದು ಗಿರಿಜಕ್ಕ" ಎನ್ನಲು ಇನ್ನೆಂಥ ಸೆಟ್ಟಿಂಗ್ ಬೇಕು?