ನೀರೊಳಗೆ ಸೋತ ಕೈಗುಣ

ತೂಬಗೆರೆಯ ವರಲಕ್ಷ್ಮಮ್ಮನವರ ಕೈಗುಣದ ಬಗ್ಗೆ ಊರಲ್ಲಿ ಎರಡು ಮಾತಿಲ್ಲ. ಅವರು ಒಣಕಡ್ಡಿ ಚುಚ್ಚಿದರೂ ಚಿಗುರುತ್ತದೆ. ಹೊಸ ಮನೆಯ ಮುಂದೆ ತೆಂಗಿನ ಸಸಿ ಇಡುವವರು, ತೋಟಕ್ಕೆ ಗುಲಾಬಿ ಹಾಕುವವರು ಮೊದಲ ಗುಂಡಿಗೆ ಅವರನ್ನೇ ಕರೆಯುತ್ತಾರೆ. ತಮ್ಮದೇನೂ ಇಲ್ಲ, ಎಲ್ಲ ಭೂಮಿತಾಯಿಯದು ಎನ್ನುತ್ತಲೇ ಅವರು ಸೆರಗು ಸಿಕ್ಕಿಸಿಕೊಂಡು ಹೊರಟುಬಿಡುತ್ತಾರೆ. ಕರೆಯದೆ ಬಿಟ್ಟವರ ಗಿಡ ಸೊರಗಿದರೆ ಅವರ ಮುಖದಲ್ಲಿ ಸಣ್ಣದೊಂದು ಸಮಾಧಾನ ಸುಳಿಯುವುದುಂಟು. ಅದನ್ನು ಅವರು ಒಪ್ಪುವುದಿಲ್ಲ, ಬಿಡಿ.

ಕಳೆದ ವರ್ಷ ಮಗನ ಮದುವೆಯಾಗಿ, ಸೊಸೆ ಪದ್ಮಶ್ರೀ ತನ್ನ ಸಾಮಾನಿನ ಜೊತೆ ಮೊಳದುದ್ದದ ಗಾಜಿನ ತೊಟ್ಟಿಯನ್ನೂ ತಂದಳು. ಒಳಗೆ ಒಂದೇ ಒಂದು ನೀಲಿ ಫೈಟರ್ ಮೀನು, ಸುತ್ತ ಪ್ಲಾಸ್ಟಿಕ್ ಗಿಡಗಳು. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಆಫೀಸಿಗೆ ದಿನಾ ಹೋಗಿಬರುವ ಹುಡುಗಿ. ಪ್ಲಾಸ್ಟಿಕ್ಕಾದರೆ ಕೊಳೆಯುವ ರಗಳೆಯಿಲ್ಲ, ತೊಳೆದಿಟ್ಟರೆ ಆಯಿತು ಎನ್ನುತ್ತಿದ್ದಳು. ವರಲಕ್ಷ್ಮಮ್ಮನವರಿಗೋ ಅದು ಕಂಡಾಗಲೆಲ್ಲ ಮೈ ಉರಿಯುತ್ತಿತ್ತು. ತಮ್ಮ ಮನೆಯಲ್ಲಿ, ಅದೂ ನಡುಮನೆಯಲ್ಲಿ, ಜೀವವಿಲ್ಲದ ಗಿಡವೇ? ಒಂದು ದಿನ ಪ್ಲಾಸ್ಟಿಕ್ ಎಲೆಯ ಅಂಚು ತಗುಲಿ ಮೀನಿನ ಬಾಲ ಹರಿದದ್ದೇ ತಡ, ಪಟ್ಟು ಹಿಡಿದರು. ಪದ್ಮಶ್ರೀ ಪ್ಲಾಸ್ಟಿಕ್ಕನ್ನೆಲ್ಲ ತೆಗೆದು, ಸಾಕುಮೀನಿನ ಅಂಗಡಿಯಿಂದ ನಿಜವಾದ ಗಿಡ ತಂದುಕೊಟ್ಟಳು.

ಅಗಲವಾದ ಎಲೆ, ಬುಡದಲ್ಲಿ ಶುಂಠಿಯಂಥ ಗೆಡ್ಡೆ. ಶುಂಠಿ, ಅರಿಶಿನ ನೆಟ್ಟು ಪಳಗಿದ ಕೈಗೆ ಯಾರು ಏನು ಹೇಳಿಕೊಡಬೇಕು? ಗೆಡ್ಡೆಯನ್ನು ತೊಟ್ಟಿಯ ಮರಳಿನಲ್ಲಿ ಎರಡು ಬೆರಳಾಳ ಹೂತು, ಚೆನ್ನಾಗಿ ಅದುಮಿ, ಕೈ ಮುಗಿದರು.

ಹದಿನೈದು ದಿನದಲ್ಲಿ ಎಲೆ ಹಳದಿಯಾಯಿತು. ಇಪ್ಪತ್ತನೇ ದಿನ ಮೆಲ್ಲಗೆ ಎಳೆದರೆ ಗಿಡ ಕೈಗೇ ಬಂತು. ಗೆಡ್ಡೆ ಲೋಳೆಯಾಗಿ ನಾರುತ್ತಿತ್ತು. ವರಲಕ್ಷ್ಮಮ್ಮನವರಿಗೆ ಭಯವಾಯಿತು. ಬರುವ ಶುಕ್ರವಾರ ಪಕ್ಕದ ಮನೆಯ ಮಾರಕ್ಕನ ಅರ್ಧ ಎಕರೆಗೆ ಗುಲಾಬಿ ನೆಡುವುದಿತ್ತು, ಮೊದಲ ಸಸಿ ಇವರದೇ ಕೈಯಿಂದ. ಕೈಗುಣ ಹೋಯಿತೆಂಬ ಮಾತು ಊರಲ್ಲಿ ಹಬ್ಬಿದರೆ? ಅದಕ್ಕಿಂತ ಹೆಚ್ಚಾಗಿ, ನಿಜಕ್ಕೂ ಹೋಗಿಬಿಟ್ಟಿದ್ದರೆ?

ಪದ್ಮಶ್ರೀ ಎರಡು ದಿನಕ್ಕೆಂದು ತವರಿಗೆ ಹೋಗಿದ್ದಳು. ಇವರು ಯಾರಿಗೂ ಹೇಳದೆ ದೊಡ್ಡಬಳ್ಳಾಪುರದ ಬಸ್ಸು ಹತ್ತಿ, ಸಾಕುಮೀನಿನ ಅಂಗಡಿಯಲ್ಲಿ ಅದೇ ಥರದ ಎಲೆಯಿರುವ, ಬಟ್ಟೆಯಲ್ಲಿ ಮಾಡಿದ ಗಿಡವೊಂದನ್ನು ಆರಿಸಿದರು. ಎಲೆಯ ಅಂಚನ್ನು ಸೆರಗಿನ ಮೇಲೆ ಎಳೆದು, ನೂಲು ಸಿಕ್ಕುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಕೊಂಡರು. ಮಾಡುವುದು ಮೋಸವೇ ಆದರೂ ಮೀನಿಗೆ ಗಾಯವಾಗಬಾರದಲ್ಲ. ಮನೆಗೆ ಬಂದು ಕೊಳೆತದ್ದನ್ನು ಎಸೆದು, ಅದರ ಜಾಗದಲ್ಲಿ ಇದನ್ನು ಸಿಕ್ಕಿಸಿದರು.

ಸೊಸೆ ವಾಪಸು ಬಂದಳು. ತೊಟ್ಟಿಯ ಮುಂದೆ ಬಗ್ಗಿ ಗಿಡವನ್ನು ನೋಡಿ, ಮೀನಿಗೆ ತಿಂಡಿ ಹಾಕಿ ಒಳಗೆ ಹೋದಳು. ಹಳದಿಯಾಗಿದ್ದ ಗಿಡ ಎರಡೇ ದಿನದಲ್ಲಿ ಹಸಿರಾದದ್ದು ಕಂಡು ಮನೆಗೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಹೊಗಳಿಕೆ ಶುರುವಾದರೆ ವರಲಕ್ಷ್ಮಮ್ಮನವರು ಒಲೆಯ ಮೇಲೆ ಹಾಲಿದೆಯೆಂದು ಒಳಗೆ ಹೋಗಿಬಿಡುತ್ತಿದ್ದರು.

ಗುರುವಾರ ಮಾರಕ್ಕ ಮರುದಿನದ ನೆಡುವಿಕೆಗೆ ಕರೆಯಲು ಬಂದಳು. ತೊಟ್ಟಿ ನೋಡಿದವಳೇ ತನ್ನ ಮನೆಯ ಕಲ್ಲುಬಾನಿಗೂ ಈ ಗಿಡದ ಒಂದು ಕಡ್ಡಿ ಬೇಕೇ ಬೇಕೆಂದು ಕೂತಳು. ವರಲಕ್ಷ್ಮಮ್ಮನವರು ತೊಟ್ಟಿಗೆ ಅಡ್ಡ ನಿಂತರು. ಅಷ್ಟರಲ್ಲಿ ಕಾಫಿ ತಂದ ಪದ್ಮಶ್ರೀ ಅತ್ತೆಯತ್ತ ಒಮ್ಮೆ ನೋಡಿ ತಣ್ಣಗೆ ಹೇಳಿದಳು:

"ಈಗ ಕಿತ್ರೆ ಕೊಳ್ತೋಗುತ್ತೆ ಮಾರಕ್ಕ. ಒಂದು ತಿಂಗಳು ಹೋಗ್ಲಿ, ನಾನೇ ತಂದ್ಕೊಡ್ತೀನಿ."

ಹಾಗಾದರೆ ಇವಳಿಗೆ ತವರಿಂದ ಬಂದ ದಿನವೇ ಗೊತ್ತಾಗಿದೆ. ಗೊತ್ತಿದ್ದೂ ಬಾಯಿ ಬಿಟ್ಟಿಲ್ಲ. ಈಗ ಅತ್ತೆಯ ಮರ್ಯಾದೆ ಉಳಿಸಲು ಸುಳ್ಳು ಬೇರೆ ಹೇಳುತ್ತಿದ್ದಾಳೆ. ಒಂದು ತುಂಡು ಬಟ್ಟೆಗಾಗಿ ಮನೆಗೆ ಬಂದ ಹುಡುಗಿಯ ಬಾಯಲ್ಲಿ ಸುಳ್ಳಾಡಿಸಿದೆನಲ್ಲ ಎಂದು ವರಲಕ್ಷ್ಮಮ್ಮನವರಿಗೆ ನಾಚಿಕೆಯಾಯಿತು.

"ಅದು ಬಟ್ಟೆ ಗಿಡ ಕಣೇ ಮಾರಕ್ಕ," ಎಂದರು. "ನಾನು ನೆಟ್ಟಿದ್ದು ಕೊಳ್ತೋಯ್ತು. ನಾಳೆ ಬೇರೆ ಯಾರನ್ನಾದ್ರೂ ಕರ್ಕೋ."

ಮಾರಕ್ಕ ಕಾಫಿ ಕುಡಿದು ಮುಗಿಸಿದಳು. ಆಮೇಲೆ ಲೋಟ ಕೆಳಗಿಟ್ಟು ಎದ್ದಳು.

"ನಾನೇನು ಗುಲಾಬೀನ ನೀರೊಳಗೆ ನೆಡ್ತೀನಾ? ಬೆಳಗ್ಗೆ ಏಳಕ್ಕೆ ಬಂದ್ಬಿಡು."

ಭಾನುವಾರ ಅತ್ತೆ ಸೊಸೆ ಇಬ್ಬರೂ ಅಂಗಡಿಗೆ ಹೋದರು. ಈ ಜಾತಿಯ ಗೆಡ್ಡೆಯನ್ನು ಹೂತರೆ ಕೊಳೆಯುತ್ತದೆ, ಕಲ್ಲಿಗೆ ಕಟ್ಟಿ ಇಳಿಬಿಟ್ಟರೆ ಬೇರು ತಾನೇ ಹಿಡಿದುಕೊಳ್ಳುತ್ತದೆ ಎಂದು ಅಂಗಡಿಯವನು ವಿವರಿಸಿದ. ಹೂಳದೆ ಬೆಳೆಸುವ ಗಿಡವೂ ಇದೆಯೆಂದು ವರಲಕ್ಷ್ಮಮ್ಮನವರಿಗೆ ತಿಳಿದದ್ದು ತಮ್ಮ ಐವತ್ತೆಂಟನೇ ವಯಸ್ಸಿನಲ್ಲಿ. ಹೊಸ ಗಿಡವೊಂದನ್ನು ಕೊಂಡು ಮನೆಗೆ ಬಂದು, ಹೂ ಕಟ್ಟುವ ದಾರವನ್ನು ತಂದು ಸೊಸೆಯ ಮುಂದೆ ಹಿಡಿದರು.

"ನೀನೇ ಕಟ್ಟಮ್ಮ. ನಿನ್ ಕೈಗುಣಾನೂ ನೋಡೋಣ."

ಶುಕ್ರವಾರ ಇವರ ಕೈಯಿಂದಲೇ ಶುರುವಾದ ಮಾರಕ್ಕನ ಗುಲಾಬಿ ಬೇರು ಹಿಡಿದಿದೆ. ತೊಟ್ಟಿಯ ಗಿಡವೂ ಕಲ್ಲನ್ನು ತಬ್ಬಿಕೊಂಡು ನಾಲ್ಕು ಹೊಸ ಎಲೆ ಬಿಟ್ಟಿದೆ. ಬಟ್ಟೆಯದನ್ನು ತೆಗೆದಿಲ್ಲ, ಮೀನಿಗೆ ಅದರ ಎಲೆಯ ಮೇಲೆ ಮಲಗಿಯೇ ಅಭ್ಯಾಸ. ಯಾರಾದರೂ ನೋಡಲು ಬಗ್ಗಿದರೆ ಸಾಕು, ಕೇಳುವ ಮೊದಲೇ ವರಲಕ್ಷ್ಮಮ್ಮನವರು ಹೇಳಿಬಿಡುತ್ತಾರೆ: ಎಡಗಡೆಯದು ಬಟ್ಟೆಯದು, ತಾವು ಇಟ್ಟದ್ದು, ಬಲಗಡೆಯದು ಬೆಳೆಯುವಂಥದ್ದು, ಸೊಸೆ ನೆಟ್ಟದ್ದು.