ಬಸಲಿಂಗಮ್ಮನ ಹೊಟ್ಟೆಯ ಮೇಲಿನ ಚೀಲ

ಸೇಡಂ ಕಡೆಯ ಬಸಲಿಂಗಮ್ಮ ಹೈದರಾಬಾದಿಗೆ ಬಂದದ್ದು ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲದಲ್ಲಿ. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ಗುಡಿಸಲು. ಗಂಡ ಲಿಂಗಣ್ಣನದು ಕಾಂಕ್ರೀಟಿಗೆ ಆಸರೆಯ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ, ಇವಳದು ಕಾಂಕ್ರೀಟ್ ಬುಟ್ಟಿ ಹೊರುವ ಕೆಲಸ.

ಒಂದು ಮಧ್ಯಾಹ್ನ ಕಾಲಡಿಯ ಹಲಗೆ ಜಾರಿತು. ಕೆಳಗೆ ಕಂಬಕ್ಕೆಂದು ನಿಲ್ಲಿಸಿದ್ದ ಕಬ್ಬಿಣದ ಸರಳು ಅವಳ ಹೊಟ್ಟೆಯ ಎಡಭಾಗವನ್ನು ಹೊಕ್ಕಿತು.

"ಯಾರೂ ಎಳೀಬ್ಯಾಡ್ರಿ! ಸರಳು ಕಡೀರಿ!" ಎಂದು ಲಿಂಗಣ್ಣ ಓಡಿಬಂದ. ಸರಳನ್ನು ಬುಡದಲ್ಲಿ ಕತ್ತರಿಸಿ, ಚುಚ್ಚಿದ ತುಂಡನ್ನು ಹಾಗೆಯೇ ಬಿಟ್ಟು, ಸಿಕಂದರಾಬಾದಿನ ಆಸ್ಪತ್ರೆಗೆ ಟೆಂಪೋದಲ್ಲಿ ಸಾಗಿಸಿದರು.

ಎಚ್ಚರವಾದಾಗ ಅವಳ ಹೊಟ್ಟೆಯ ಮೇಲೆ ಕೆಂಪಗೆ ಕರುಳಿನ ಬಾಯಿ, ಅದಕ್ಕೆ ಅಂಟಿಸಿದ ಪ್ಲಾಸ್ಟಿಕ್ ಚೀಲ.

"ಇದೇನ್ ಮಾಡೀರಿ ಡಾಕ್ಟರಮ್ಮಾರ? ಹೊಲಿದಿದ್ರ ಮುಗೀತಿತ್ತಲ್ಲ!"

ಆಪರೇಷನ್ ಮಾಡಿದ ಡಾಕ್ಟರ್ ನಳಿನಿ ಮೈಸೂರಿನವರು. ಪಕ್ಕದಲ್ಲಿ ಕೂತು ಹೇಳಿದರು: "ತೂತು ಸಣ್ಣದಾಗಿದ್ದಿದ್ರೆ ಹೊಲೀತಿದ್ದೆ. ಜಾಸ್ತಿ ಹರಿದಿದ್ರೂ ಆ ತುಂಡು ತೆಗೆದು ಎರಡು ತುದಿ ಅಲ್ಲೇ ಸೇರಿಸಬಹುದಿತ್ತು. ಆದ್ರೆ ನಿಮಗೆ ತುಂಬಾ ರಕ್ತ ಹೋಗಿತ್ತು, ಮಲ ಹೊಟ್ಟೆಯೊಳಗೆಲ್ಲ ಹರಡಿತ್ತು. ಅಂಥ ಹೊತ್ತಲ್ಲಿ ಹಾಕಿದ ಹೊಲಿಗೆ ಬಿಟ್ಟುಕೊಂಡ್ರೆ ಜೀವಕ್ಕೇ ಅಪಾಯ. ಅದಕ್ಕೆ ಕೆಟ್ಟ ಭಾಗ ತೆಗೆದು, ತುದಿ ಹೊರಗೆ ತಂದಿದ್ದೀನಿ, ಸದ್ಯಕ್ಕೆ ಮಲ ಈ ಚೀಲಕ್ಕೆ ಬರುತ್ತೆ. ಒಳಗೆ ಮಾಗಲಿ, ಆಮೇಲೆ ಸೇರಿಸ್ತೀನಿ."

ಬಸಲಿಂಗಮ್ಮ ಯೋಚಿಸಿದಳು. "ಹಂಗಾರ ಇದು ಸೆಂಟ್ರಿಂಗ್ ಇದ್ದಂಗ. ಗಟ್ಟಿ ಆಗೂತನ ಇರ್ತೈತಿ, ಆಮ್ಯಾಲೆ ಬಿಚ್ಚೂದು."

"ಅದೇ ಅದೇ," ಎಂದು ನಳಿನಿ ನಕ್ಕರು.

ಮೊದಮೊದಲು ಚೀಲ ಬದಲಿಸುವಾಗ ಅವಳು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. ಬದಲಿಸುತ್ತಿದ್ದವನು ಲಿಂಗಣ್ಣ.

"ನಿನಗ ಹೇಸಿಗಿ ಅನ್ಸಂಗಿಲ್ಲೇನು?"

"ಅಳ್ಳಾಡಬ್ಯಾಡ, ಅಂಟು ಸರಿ ಕೂಡವಲ್ದು," ಎಂದ ಅವನು.

ನೋಡಿ ನೋಡಿ ಅವಳೇ ಕಲಿತಳು. ನಡೆದಾಡುವಂತಾದ ಮೇಲೆ ಸೈಟಿಗೆ ಹೋದಳು. ಭಾರ ಎತ್ತುವಂತಿರಲಿಲ್ಲ, ಗೋಡೆಗೆ ನೀರು ಹೊಡೆಯುವ ಕೆಲಸ ಕೇಳಿ ಪಡೆದಳು. ಊಟದ ಹೊತ್ತಿಗೆ ಹೆಂಗಸರು ದೂರ ಸರಿದು ಕೂತರು. ಬಸಲಿಂಗಮ್ಮ ಬುತ್ತಿ ಎತ್ತಿಕೊಂಡು ಹೋಗಿ ಅವರ ನಡುವೆಯೇ ಕೂತಳು.

"ನಿಮ್ಮ ಹೊಟ್ಟ್ಯಾಗೂ ಇದ ಐತಿ. ನಂದು ಹೊರಗ ಕಾಣ್ತೈತಿ, ಅಷ್ಟ. ಯಾರಿಗಿ ನೋಡಬೇಕಾಗೇದ, ನೋಡ್ರಿ."

ಗುಂಪಿನ ಹಿರಿಯಳು ಹುಸೇನಮ್ಮ ತನ್ನ ಡಬ್ಬಿಯಿಂದ ಜೋಳದ ರೊಟ್ಟಿ ತೆಗೆದು ಅವಳ ಕೈಗಿಟ್ಟಳು. "ಪುಂಡಿಪಲ್ಯ ತಿನ್ನಬಹುದೇನ ಬೇ?"

"ಎಲ್ಲಾ ತಿಂತೀನಿ, ಹಾಕು!"

ಕೆಲವು ತಿಂಗಳ ನಂತರ ನಳಿನಿ ಕರುಳನ್ನು ಮತ್ತೆ ಸೇರಿಸಿದರು. "ಗಾಳಿ ಹೋದ ತಕ್ಷಣ ಹೇಳಿ, ಕರುಳು ಕೆಲಸ ಶುರು ಮಾಡಿದೆ ಅಂತ ಅರ್ಥ," ಎಂದಿದ್ದರು. ಬಸಲಿಂಗಮ್ಮ ಅದಕ್ಕಾಗಿ ಕಾದಳು. ಒಂದು ಬೆಳಿಗ್ಗೆ ನಳಿನಿ ವಾರ್ಡಿನ ಬಾಗಿಲಲ್ಲಿ ಕಾಣಿಸಿದ್ದೇ ತಡ, ಮಲಗಿದಲ್ಲಿಂದಲೇ ಕೂಗಿದಳು:

"ಡಾಕ್ಟರಮ್ಮಾರ, ಗಾಳಿ ಹೋತ್ರಿ!"

ಕನ್ನಡ ತಿಳಿದವರು ಮೊದಲು ನಕ್ಕರು. ಅರ್ಥ ಕೇಳಿ ತೆಲುಗಿನವರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು, ಹೊಲಿಗೆಯ ಮೇಲೆ ಅಂಗೈ ಒತ್ತಿಕೊಂಡಿದ್ದ ಬಸಲಿಂಗಮ್ಮ.