ಅಮ್ಮನ ಟೇಪಿನ ಬಳೆ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಗುಜರಿ ಅತ್ತಿಗೆ ಎಂದೇ ಕರೆಯುತ್ತಿದ್ದರು. ಮೊದಲು ಹಾಗೆ ಕರೆದವಳು ಅವಳ ಸ್ವಂತ ನಾದಿನಿ, ಅದೂ ಸಿಟ್ಟಿನಲ್ಲಿ. ಆಮೇಲೆ ಆ ಹೆಸರು ಹೊಸಿಲು ದಾಟಿ ಬೀದಿಗಿಳಿದು ಹಾಲಿನವನ ಬಾಯಿಗೂ ಅಂಚೆಯವನ ಬಾಯಿಗೂ ಹತ್ತಿಬಿಟ್ಟಿತು. ಅವಳಿಗೇನೂ ಬೇಜಾರಿರಲಿಲ್ಲ. ಗುಜರಿ ಅಂದರೆ ಏನು ಮಹಾ, ಬೇರೆಯವರ ಕಣ್ಣು ತಪ್ಪಿಸಿಕೊಂಡ ಒಳ್ಳೆಯ ಸಾಮಾನು ತಾನೆ, ಎನ್ನುತ್ತಿದ್ದಳು.

ಅವಳ ಕೈ ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಸವೆದ ಹಲ್ಲುಜ್ಜುವ ಬ್ರಷ್ಷು ಸಿಕ್ಕರೆ ಅದರ ಕೂದಲು ಕಿತ್ತು, ಕುದಿಯುವ ನೀರಿನಲ್ಲಿ ಮೆತ್ತಗೆ ಮಾಡಿ, ಬಾಗಿಸಿ ಬಳೆ. ಕೆಟ್ಟ ಜಿಪ್ಪು ಸಿಕ್ಕರೆ ಸುರುಳಿ ಸುತ್ತಿ ಸೆರಗಿಗೆ ಚುಚ್ಚುವ ಹೂವು. ಹಳೆಯ ಟೆಲಿಫೋನಿನ ಬಣ್ಣದ ತಂತಿ, ಔಷಧಿ ಬಾಟಲಿಯ ಮುಚ್ಚಳ, ಒಡೆದ ಕಪ್ಪು-ಬಸಿಯ ಚೂರು, ಮುರಿದ ಬಾಚಣಿಗೆಯ ಹಲ್ಲು, ಯಾವುದಕ್ಕೂ ಆ ಮನೆಯಲ್ಲಿ ಕಸದಬುಟ್ಟಿಯ ಯೋಗವಿರಲಿಲ್ಲ. ಮಾಡಿದ್ದನ್ನೆಲ್ಲ ಕೇಳಿದವರಿಗೂ ಕೇಳದವರಿಗೂ ಕೊಟ್ಟುಬಿಡುತ್ತಿದ್ದಳು.

ಇದು ಹುಟ್ಟುಗುಣ, ಏನು ಮಾಡುವುದು. ಅಪ್ಪ ಕೊಡೆ ರಿಪೇರಿಯವನು. ಮುರಿದ ಕೊಡೆಗಳ ರಾಶಿಯಲ್ಲೇ ಆಡಿ ಬೆಳೆದವಳು. ಮದುವೆಯಾದ ಮೇಲೆ ಒಂದು ಲಾಂಡ್ರಿಯ ಕೌಂಟರಿನಲ್ಲಿ ಬಹಳ ವರ್ಷ ಕೂತಳು. ಬಟ್ಟೆಗಳಿಂದ ಉದುರಿದ ಗುಂಡಿಗಳನ್ನು ಅಲ್ಲಿ ಒಂದು ಗಾಜಿನ ಭರಣಿಯಲ್ಲಿ ತೆಗೆದಿಡುತ್ತಿದ್ದರು, ಯಾರಾದರೂ ಕೇಳಿಕೊಂಡು ಬಂದರೆ ಇರಲಿ ಎಂದು. ಗುಂಡಿ ಕೇಳಿಕೊಂಡು ಯಾರು ಬರುತ್ತಾರೆ ಹೇಳಿ. ಕೆಲಸ ಬಿಡುವ ದಿನ ಮಾಲೀಕ ನೆನಪಿಗೆ ಏನಾದರೂ ಕೇಳಮ್ಮ ಎಂದಾಗ, ಆ ಭರಣಿ ಕೊಡಿ ಎಂದಳು. ಪಾಪ, ಅವನು ಗೋಡೆ ಗಡಿಯಾರ ತಂದು ಕಾಗದ ಸುತ್ತಿ ಇಟ್ಟಿದ್ದ. ಗಡಿಯಾರವೂ ಮನೆಗೆ ಬಂತು ಅನ್ನಿ. ಅದು ಕೆಟ್ಟು ನಿಂತ ಮೇಲೆ ಅದರ ಮುಳ್ಳುಗಳು ಪಕ್ಕದ ಮನೆಯ ಹುಡುಗಿಯ ಕಿವಿಯಲ್ಲಿ ತೂಗಾಡಿದವು.

ಅವಳು ಬಂದ ಹೊಸತರಲ್ಲಿ ಮನೆಯಲ್ಲಿ ಒಂದು ರಾದ್ಧಾಂತವೇ ಆಗಿತ್ತು. ಮಾವನವರು ಇನ್ನೂ ಉಜ್ಜುತ್ತಿದ್ದ ಬ್ರಷ್ಷು ಬಳೆಯಾಗಿಹೋಗಿತ್ತು. ಅತ್ತೆ ಸಮಾಧಾನದ ಹೆಂಗಸು. ನಗು ತಡೆದುಕೊಂಡು ಒಂದು ಕಾನೂನು ಮಾಡಿದಳು: ಅಡುಗೆಮನೆ ಕಿಟಕಿಯ ಕಟ್ಟೆ ಮೇಲೆ ಇಟ್ಟದ್ದು ಸೊಸೆಯದ್ದು, ಉಳಿದದ್ದಕ್ಕೆ ಅವಳು ಕೈ ಹಾಕುವಂತಿಲ್ಲ. ಅತ್ತೆ ಹೋಗಿ ಎಷ್ಟೋ ಕಾಲವಾದರೂ ಆ ಕಾನೂನು ಮಾತ್ರ ಹಾಗೇ ಇತ್ತು. ಯಜಮಾನರು ನೀರಿನ ಕಚೇರಿಯ ಗುಮಾಸ್ತರು, ಸ್ವಲ್ಪ ಪುಕ್ಕಲು. ಕಾನೂನಿನ ಮೇಲೆ ಪೂರ್ತಿ ಭರವಸೆ ಇಡದೆ ತಮ್ಮ ಬ್ರಷ್ಷನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು.

ಇನ್ನು ನಾದಿನಿ. ಯಜಮಾನರ ತಂಗಿ, ಮದುವೆ ಬೇಡವೆಂದು ಅದೇ ಮನೆಯಲ್ಲಿ ಉಳಿದವಳು. ಬೀದಿಯ ಕಡೆಯ ಕೋಣೆಯಲ್ಲಿ ಹೊಲಿಗೆ ಮೆಷಿನ್ನು ಇಟ್ಟುಕೊಂಡಿದ್ದಳು. ಮೊದಲು ಅದೇ ಮೆಷಿನ್ನಿನಲ್ಲಿ ಅವಳ ಅಮ್ಮ ಹೊಲಿಯುತ್ತಿದ್ದಳು. ನಾದಿನಿಗೆ ಎಲ್ಲ ನೇರ ಇರಬೇಕು: ಗೆರೆಯೂ ನೇರ, ಮಾತೂ ನೇರ. ಅತ್ತಿಗೆಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡುವವಳು ಅವಳೇ, ಬೈದು ಗಂಜಿ ಕುಡಿಸುವವಳೂ ಅವಳೇ. ಆದರೆ ಅತ್ತಿಗೆ ಮಾಡಿದ ಒಂದು ಓಲೆ, ಒಂದು ಬಳೆ ಅವಳ ಮೈ ಹತ್ತಿದ್ದಿಲ್ಲ. ಪ್ರತಿ ವರ್ಷ ನಾದಿನಿ ಹುಟ್ಟಿದ ದಿನಕ್ಕೆ ಅತ್ತಿಗೆ ಏನಾದರೊಂದು ಮಾಡಿ ಕೊಡುವುದು, ಮರುದಿನ ಅದು ಕಿಟಕಿ ಕಟ್ಟೆಯ ಮೇಲೆ ವಾಪಸು ಬಂದು ಕೂತಿರುವುದು. ಕಸವನ್ನು ಮೈಮೇಲೆ ಹಾಕಿಕೊಳ್ಳುವಷ್ಟು ಗತಿಗೆಟ್ಟಿಲ್ಲ ಎಂದು ಒಮ್ಮೆ ಅಂದೂಬಿಟ್ಟಿದ್ದಳು. ಅತ್ತಿಗೆ ಅದನ್ನು ಹೊಟ್ಟೆಗೆ ಹಾಕಿಕೊಂಡಳು. ಊರವರೆಲ್ಲ ತೊಟ್ಟರೂ ಅವಳಿಗೆ ಬೇಕಾಗಿದ್ದದ್ದು ಇದೊಂದು ಕೈ, ಇದೊಂದು ಕಿವಿ. ನಾದಿನಿ ಒಂದು ದಿನ, ಒಂದೇ ಒಂದು ದಿನ, ತಾನು ಮಾಡಿದ್ದನ್ನು ತೊಟ್ಟು ಎದುರಿಗೆ ಓಡಾಡಬೇಕು ಎನ್ನುವ ಆಸೆ ಅವಳಿಗೆ.

ಆ ವರ್ಷ ನಾದಿನಿಗೆ ದೊಡ್ಡ ಕೆಲಸವೊಂದು ಬಂತು. ಊರಿನ ಬ್ಯಾಂಡ್ ತಂಡದವರಿಗೆಲ್ಲ ಹೊಸ ಕೋಟು. ಅವರು ಸಾಲಾಗಿ ಬಂದು ನಿಂತು ಅಳತೆ ಕೊಟ್ಟು, ಬೇರೆ ಊರುಗಳಲ್ಲಿ ಬಾರಿಸಲು ಹೊರಟುಹೋದರು. ತಿರುಗಿ ಬರುವುದು ಊರ ಉದ್ಯಾನದಲ್ಲಿ ಅವರ ಕಾರ್ಯಕ್ರಮವಿರುವ ದಿನವೇ. ಬಂದವರೇ ಕೋಟು ತೊಟ್ಟು ವೇದಿಕೆ ಹತ್ತಬೇಕು. ಹಲ್ಲುನೋವೆಂದು ಊರಲ್ಲೇ ಉಳಿದವನು ದೊಡ್ಡ ಡ್ರಮ್ಮಿನವನು ಒಬ್ಬನೇ. ಎಲ್ಲರ ಅಳತೆಯನ್ನೂ ನಾದಿನಿ ಕಪಾಟಿನ ಬಾಗಿಲ ಒಳಮೈಯಲ್ಲಿ ಸೀಮೆಸುಣ್ಣದಿಂದ ಬರೆದುಕೊಂಡಿದ್ದಳು. ಅಳೆದದ್ದು ಯಾವಾಗಲೂ ಅವಳ ಕೊರಳಲ್ಲಿ ನೇತಾಡುತ್ತಿದ್ದ ಅಮ್ಮನ ಕಾಲದ ಬಟ್ಟೆಯ ಟೇಪಿನಿಂದ. ಅದರ ಹಳದಿ ಮಾಸಿ, ತುದಿಗಳು ಜುಂಗುಜುಂಗಾಗಿದ್ದವು. ತಂಗಿಯ ಅವಸ್ಥೆ ನೋಡಲಾರದೆ ಯಜಮಾನರು ಅದೇ ವಾರ ಹೊಸ ಟೇಪೊಂದನ್ನು ತಂದು ಮೆಷಿನ್ನಿನ ಮೇಲಿಟ್ಟರು.

ಒಂದು ಬೆಳಿಗ್ಗೆ ನಾದಿನಿಯ ಲೋಟ ಮಗುಚಿ ಹಳೆಯ ಟೇಪಿನ ಮೇಲೆ ಚಹಾ ಚೆಲ್ಲಿತು. ಅವಳು ಅದನ್ನು ತೊಳೆದು, ಅವಸರದಲ್ಲಿ ಬಿಸಿಲು ಬೀಳುವ ಜಾಗ ನೋಡಿ ಒಣಗಲಿಟ್ಟು ನೂಲು ತರಲು ಅಂಗಡಿಗೆ ಹೋದಳು. ಬಿಸಿಲು ಬೀಳುವ ಜಾಗ ಯಾವುದು ಗೊತ್ತೇ? ಅಡುಗೆಮನೆ ಕಿಟಕಿಯ ಕಟ್ಟೆ.

ಅತ್ತಿಗೆ ನೋಡಿದಳು. ಮೆಷಿನ್ನಿನ ಮೇಲೆ ಹೊಸದು, ಕಟ್ಟೆಯ ಮೇಲೆ ಹಳೆಯದು. ಇನ್ನೇನು ಅನುಮಾನ! ಅವಳಿಗೆ ಕಣ್ಣು ತುಂಬಿ ಬಂತು. ಅತ್ತೆಯ ಟೇಪನ್ನು ನಾದಿನಿ ಎಸೆಯದೆ ತನ್ನ ಕಟ್ಟೆಗೆ ತಂದಿಟ್ಟಿದ್ದಾಳೆ, ಏನಾದರೂ ಮಾಡು ಎಂದು ಬಾಯಿಬಿಟ್ಟು ಹೇಳಲಾರದೆ ಇಟ್ಟಿದ್ದಾಳೆ ಎಂದುಕೊಂಡಳು. ಕೋಣೆಯ ಬಾಗಿಲು ಹಾಕಿ ಕೂತಳು. ಅಂಟುಪಟ್ಟಿ ಮುಗಿದ ಮೇಲೆ ಉಳಿಯುವ ದಪ್ಪ ರಟ್ಟಿನ ಬಳೆಯೊಂದಿತ್ತು. ಟೇಪಿನ ನಡುವಿನ ಗಟ್ಟಿ ಭಾಗ ನೋಡಿ, ಇಪ್ಪತ್ತರಿಂದ ಮೂವತ್ತರವರೆಗೆ ಕತ್ತರಿಸಿ ಸುತ್ತಿದರೆ, ತುದಿಗೆ ತುದಿ ಕೂಡಿ ಹೇಳಿ ಮಾಡಿಸಿದ ಹಾಗೆ ಕೂತಿತು. ಅಂಟು ಹಾಕಿ ಮೇಲೆ ತೆಳ್ಳಗೆ ಉಗುರುಬಣ್ಣದ ಹೊಳಪು ಸವರಿದಳು. ಉಳಿದ ಟೇಪನ್ನು ಚೂರು ಮಾಡಿ ಮಡಚಿ ಓಲೆಗೆ ಹೂವು ಕಟ್ಟಿದಳು. ನಾದಿನಿ ಮನೆಯಿಡೀ ತಡಕಾಡುವುದು ಅವಳಿಗೆ ಕೇಳಿಸಿತು. ಉಡುಗೊರೆ ಏನಿರಬಹುದೆಂದು ಹುಡುಕುತ್ತಿದ್ದಾಳೆ ಎಂದು ಒಳಗೊಳಗೇ ನಕ್ಕಳು. ನಾದಿನಿಯ ಹುಟ್ಟಿದ ದಿನ ಮರುದಿನವೇ ಇತ್ತು.

ಬೆಳಿಗ್ಗೆ ಬಳೆಯನ್ನೂ ಓಲೆಯನ್ನೂ ನಾದಿನಿಯ ಅಂಗೈಗೆ ಇಟ್ಟಳು. ನಾದಿನಿ ಅದನ್ನು ನೋಡಿದಳು, ತಿರುಗಿಸಿ ಅಂಕಿಗಳನ್ನು ಓದಿದಳು.

"ಇದು ಅಮ್ಮಂದು, ಅತ್ತಿಗೆ. ಒಣಗಲಿ ಅಂತ ಇಟ್ಟಿದ್ದೆ."

ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಳೆಯನ್ನು ಮೇಜಿನ ಮೇಲಿಟ್ಟು ಕೋಣೆಗೆ ಹೋಗಿ ಮೆಷಿನ್ನು ತುಳಿಯತೊಡಗಿದಳು. ಅಂದಿನಿಂದ ಮಾತು ನಿಂತಿತು. ಊಟಕ್ಕೆ ಕರೆದರೆ ಬಂದು ಉಂಡು ಹೋಗುವಳು, ತಲೆ ಎತ್ತಳು. ಅತ್ತಿಗೆ ಕಿಟಕಿ ಕಟ್ಟೆಯನ್ನು ಖಾಲಿ ಮಾಡಿ ಒರೆಸಿದಳು. ಗುಂಡಿಯ ಭರಣಿಯನ್ನು ಮಂಚದ ಕೆಳಗೆ ತಳ್ಳಿದಳು. ಯಾರಿಗೂ ಕೆಡುಕು ಬಯಸದ ಈ ಕೈಯೇ ಇಂಥ ಕೆಲಸ ಮಾಡಿತಲ್ಲ ಎಂದು ತನ್ನ ಕೈಯನ್ನೇ ಬೈದುಕೊಂಡಳು. ಅವಳು ಎಲ್ಲ ಬಿಟ್ಟು ಸುಮ್ಮನೆ ಕೂತದ್ದನ್ನು ಕಂಡು ಯಜಮಾನರಿಗೆ ದಿಗಿಲಾಯಿತು. ತಮ್ಮ ಬ್ರಷ್ಷನ್ನು ಬೀರುವಿನಿಂದ ತೆಗೆದು ತಾವಾಗಿಯೇ ಕಟ್ಟೆಯ ಮೇಲಿಟ್ಟು ನೋಡಿದರು. ಅವಳು ಅದನ್ನು ಮುಟ್ಟಲಿಲ್ಲ.

ನಾದಿನಿ ಹೊಸ ಟೇಪಿನಲ್ಲಿ ಮೊದಲ ಕೋಟು ಕತ್ತರಿಸಿ ಹೊಲಿದು, ತೊಟ್ಟು ನೋಡಲು ದೊಡ್ಡ ಡ್ರಮ್ಮಿನವನನ್ನು ಕರೆಸಿದಳು. ಪಿನ್ನಿನ ಡಬ್ಬಿ ಹಿಡಿಯಲು ಒಬ್ಬರು ಬೇಕಿತ್ತು. ಅತ್ತಿಗೆ ತಾನಾಗಿಯೇ ಬಂದು ಮೂಲೆಯಲ್ಲಿ ನಿಂತಳು. ಡ್ರಮ್ಮಿನವನು ಉಸಿರು ಬಿಗಿ ಹಿಡಿದು ಗುಂಡಿಗಳನ್ನು ಹಾಕಿಕೊಂಡ. ಚೆನ್ನಾಗಿದೆಯಮ್ಮ ಎನ್ನಲು ಉಸಿರು ಬಿಟ್ಟನೋ ಇಲ್ಲವೋ, ಹೊಟ್ಟೆಯ ಗುಂಡಿ ಟಪ್ಪೆಂದು ಹಾರಿ ಗೋಡೆಗೆ ಬಡಿದು ಕಪಾಟಿನ ಕೆಳಗೆ ಉರುಳಿತು. ಅತ್ತಿಗೆ ಬಗ್ಗಿ, ಕಪಾಟಿನ ಕೆಳಗೆ ಕೈ ತೂರಿಸಿ, ಗುಂಡಿ ತೆಗೆದು, ಊದಿ, ಸೆರಗಿನ ತುದಿಗೆ ಕಟ್ಟಿಕೊಂಡಳು. ಕಟ್ಟಿಕೊಂಡ ಮೇಲೆ ತಾನು ಏನು ಮಾಡಿದೆನೆಂದು ಹೊಳೆಯಿತು. ತಲೆ ಎತ್ತಿದರೆ ನಾದಿನಿ ನೋಡುತ್ತಿದ್ದಳು. ಎಷ್ಟೋ ದಿನದ ಮೇಲೆ ನೇರ ನೋಡಿದ್ದಳು.

ಡ್ರಮ್ಮಿನವನು ಹಲ್ಲುನೋವಿನಲ್ಲಿ ತಾನು ಇನ್ನೂ ಇಳಿದಿದ್ದೇನೆಯೇ ಹೊರತು ಊದಿಲ್ಲ ಎಂದು ಆಣೆ ಮಾಡಿ ಹೋದ. ನಾದಿನಿ ಹೊಸ ಟೇಪನ್ನು ಕೈಗೆತ್ತಿಕೊಂಡಳು. ಆಮೇಲೆ ಮೇಜಿನ ಮೇಲೆ ಅನಾಥವಾಗಿ ಬಿದ್ದಿದ್ದ ಬಳೆಗೆ ಅದನ್ನು ಸುತ್ತಿ ನೋಡಿದಳು. ಬಳೆಯಲ್ಲಿ ಹತ್ತು ಇಂಚಾಗುವ ಕಡೆ ಹೊಸ ಟೇಪು ಹತ್ತನ್ನು ದಾಟಿ ಹೋಗುತ್ತಿತ್ತು. ಅಮ್ಮನ ಟೇಪು ಎಳೆದೂ ಎಳೆದೂ ಜಗ್ಗಿ ಉದ್ದವಾಗಿ, ಅದರ ಇಂಚು ಹೊಸ ಇಂಚಿಗಿಂತ ದೊಡ್ಡದಾಗಿತ್ತು. ಬಾಗಿಲ ಹಿಂದೆ ಬರೆದಿದ್ದ ಅಷ್ಟೂ ಎದೆ, ಅಷ್ಟೂ ಹೊಟ್ಟೆ ಆ ಜಗ್ಗಿದ ಟೇಪಿನ ಲೆಕ್ಕದವು. ಇನ್ನು ಹೊಸ ಟೇಪಿನಲ್ಲಿ ಕತ್ತರಿಸಿದರೆ ವೇದಿಕೆಯ ತುಂಬ ಗುಂಡಿ ಹಾರುವುದೇ. ಬೇರೆ ಅಳತೆ ತೆಗೆಯೋಣವೆಂದರೆ ಜನ ಊರಲ್ಲಿಲ್ಲ. ಯಜಮಾನರು ನಾನು ಲೆಕ್ಕ ಹಾಕಿ ಕೊಡುತ್ತೇನೆಂದು ಕೂತರು. ಅವರಿಗೆ ಒಂದೊಂದು ಸಲ ಒಂದೊಂದು ಉತ್ತರ ಬಂತು.

ನಾದಿನಿ ಬಳೆ ಬೇಕೆಂದು ಮತ್ತೆ ಮೇಜಿನ ಬಳಿ ಬಂದರೆ ಬಳೆ ಇರಲಿಲ್ಲ. ಅಡುಗೆಮನೆಯಲ್ಲಿ ಅತ್ತಿಗೆ ಬಿಸಿನೀರಿನ ಬೋಗುಣಿ ಮುಂದಿಟ್ಟುಕೊಂಡು ಕೂತಿದ್ದಳು. ಒಂದು ಕೈಯಲ್ಲಿ ಬಳೆ, ಇನ್ನೊಂದರಲ್ಲಿ ಓಲೆಯ ಹೂವುಗಳು. ಅಂಟು ನೆನೆಸಿ ಬಿಡಿಸಿ, ಚೂರುಗಳನ್ನೆಲ್ಲ ಒಂದಕ್ಕೊಂದು ಹೊಲಿದು ಟೇಪನ್ನು ಹೇಗಾದರೂ ಮೊದಲಿನ ಹಾಗೆ ಮಾಡಿ ಕೊಡಬೇಕೆಂದು ಹೊರಟಿದ್ದಳು. ಕಣ್ಣೀರಿನಲ್ಲಿ ಅವಳಿಗೆ ಅಂಕಿಗಳೇ ಕಾಣುತ್ತಿರಲಿಲ್ಲ.

"ಬಿಚ್ಚಬೇಡಿ ಅತ್ತಿಗೆ."

"ನಾನೇ ಹಾಳು ಮಾಡಿದ್ದು ಕಣೇ. ನಾನೇ ಸರಿ ಮಾಡ್ತೀನಿ."

"ನೀರಿಗೆ ಹಾಕಿದ್ರೆ ಅಮ್ಮನ ಅಳತೆಯೂ ಹೋಗತ್ತೆ. ಇಲ್ಲಿ ಕೊಡಿ, ನನ್ನ ಜೊತೆ ಬನ್ನಿ."

ನಾದಿನಿ ಅವಳ ಕೈಯಿಂದ ಬಳೆ ತೆಗೆದುಕೊಂಡು, ಆ ಕೈಯನ್ನೂ ಬಿಡದೆ ಕೋಣೆಗೆ ಎಳೆದುಕೊಂಡು ಹೋದಳು. ನೆಲದ ಮೇಲೆ ಕೋಟಿನ ಬಟ್ಟೆ ಹಾಸಿತ್ತು. ಮಂಡಿಯೂರಿ ಕೂತು ಬಳೆಯನ್ನು ಬಟ್ಟೆಯ ಅಂಚಿನಲ್ಲಿ ನಿಲ್ಲಿಸಿ, ಚಕ್ರ ಬಿಟ್ಟ ಹಾಗೆ ಬೆರಳಿನಿಂದ ಮೆಲ್ಲಗೆ ಉರುಳಿಸಿದಳು. ಬಳೆ ಒಂದು ಸುತ್ತು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿದಳು: ಅಮ್ಮನ ಲೆಕ್ಕದ ಹತ್ತು ಇಂಚು. ಮತ್ತೆ ಉರುಳಿಸಿದಳು. ಮೂರು ಸುತ್ತು ಬಂದು, ಮೇಲೆ ಬೇಕಾದ ಅಂಕಿ ನೆಲ ಮುಟ್ಟಿದ ಕಡೆ ನಿಲ್ಲಿಸಿದಳು. ಅತ್ತಿಗೆ ಬಾಯಿ ತೆರೆದುಕೊಂಡು ನೋಡಿದಳು. ಜೀವಮಾನವಿಡೀ ಸಾಮಾನನ್ನು ಒಡವೆ ಮಾಡಿದವಳಿಗೆ ಒಡವೆಯನ್ನು ಸಾಮಾನು ಮಾಡಬಹುದೆಂದು ಹೊಳೆದೇ ಇರಲಿಲ್ಲ.

"ನಿಮ್ಮ ಬುದ್ಧಿ ನನಗೂ ಅಂಟ್ಕೊಂಡಿದೆ ನೋಡಿ," ಎಂದಳು ನಾದಿನಿ. ಆಮೇಲೆ ಇಬ್ಬರೂ ನೆಲದ ಮೇಲೆ ಕೂತು ಅತ್ತರು, ಕೂತಲ್ಲೇ ನಕ್ಕರು. ಯಜಮಾನರು ಲೆಕ್ಕದ ಕಾಗದ ಹಿಡಿದು ಬಾಗಿಲಿಗೆ ಬಂದವರು ಏನೂ ಅರ್ಥವಾಗದೆ ಹಿಂದಕ್ಕೆ ಹೋದರು.

ಅಂದಿನಿಂದ ಒಬ್ಬಳು ಬಳೆ ಉರುಳಿಸುವುದು, ಇನ್ನೊಬ್ಬಳು ಗುರುತು ಹಾಕುವುದು. ಕೋಟುಗಳು ಒಂದೊಂದಾಗಿ ಗೋಡೆಯ ಮೊಳೆಗೆ ಏರಿದವು. ಕತ್ತರಿ ಹಿಡಿಯುವಾಗ ಕಳೆದುಹೋಗಬಾರದೆಂದು ನಾದಿನಿ ಬಳೆಯನ್ನು ಕೈಗೆ ಏರಿಸಿಕೊಳ್ಳುತ್ತಿದ್ದಳು. ಅದು ಅವಳ ಮಣಿಕಟ್ಟಿಗೆ ದೊಡ್ಡದು. ಮೊಣಕೈವರೆಗೆ ತಳ್ಳಿದರೆ ಮಾತ್ರ ನಿಲ್ಲುತ್ತಿತ್ತು. ಅತ್ತಿಗೆ ಅದನ್ನು ನೋಡಿಯೂ ನೋಡದ ಹಾಗಿದ್ದಳು. ಕೆಲಸಕ್ಕಾಗಿ ತೊಟ್ಟದ್ದು, ಅದರಲ್ಲಿ ತನ್ನದೇನಿದೆ ಎಂದು ಮನಸ್ಸಿಗೆ ಬುದ್ಧಿ ಹೇಳಿಕೊಂಡಳು.

ಕಾರ್ಯಕ್ರಮದ ಸಂಜೆ ಬ್ಯಾಂಡಿನವರು ಕೋಟು ತೊಟ್ಟು ವೇದಿಕೆ ಹತ್ತಿದರು. ದೊಡ್ಡ ಡ್ರಮ್ಮಿನವನು ಎಷ್ಟು ಜೋರಾಗಿ ಬಾರಿಸಿದರೂ ಒಂದು ಗುಂಡಿಯೂ ಅಲುಗಲಿಲ್ಲ. ನಾದಿನಿ ಅತ್ತಿಗೆ ಇಬ್ಬರೂ ಮುಂದಿನ ಬೆಂಚಿನಲ್ಲಿ ಕೂತಿದ್ದರು. ನಾದಿನಿ ಒಳ್ಳೆಯ ರೇಷ್ಮೆ ಸೀರೆ ಉಟ್ಟು ತಲೆ ಬಾಚಿ ಬಂದಿದ್ದಳು. ಅಳೆಯಲು ಅಲ್ಲಿ ಒಂದು ತುಂಡು ಬಟ್ಟೆಯೂ ಇರಲಿಲ್ಲ. ಆದರೂ ಹಳದಿ ಮಾಸಿದ ಆ ಬಳೆ ಅವಳ ಕೈಯಲ್ಲಿತ್ತು. ಕಿವಿಯಲ್ಲಿ ಟೇಪಿನ ಹೂವಿನ ಓಲೆಯೂ ಇತ್ತು. ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಬಗ್ಗಿ ನೋಡಿ, ಚೆನ್ನಾಗಿದೆಯಲ್ಲ, ಎಲ್ಲಿ ತಗೊಂಡ್ರಿ ಎಂದು ಕೇಳಿದಳು.

"ನಮ್ಮಮ್ಮಂದು," ಎಂದಳು ನಾದಿನಿ. "ಮಾಡಿಕೊಟ್ಟೋರು ನಮ್ಮತ್ತಿಗೆ."

ಆಮೇಲೆ ಬ್ಯಾಂಡಿನವರು ಏನೇನು ಬಾರಿಸಿದರೋ, ಗುಜರಿ ಅತ್ತಿಗೆಗೆ ಒಂದೂ ಕೇಳಿಸಲಿಲ್ಲ.